ಹಿಟ್ಟಿನ ಕೋಳಿ ಮತ್ತು ಉಕ್ಕಿನ ಹಡಗು

ಜಪಾನಿನ ಹಿರೋಷಿಮಾ ಪ್ರಾಂತದಲ್ಲಿ ಕುರೆ ಎಂಬ ಬಂದರು ನಗರವಿದೆ. ಅಲ್ಲಿ 2005ರಲ್ಲಿ ತೆರೆಯಲಾದ ಸಾಗರ ವಸ್ತುಸಂಗ್ರಹಾಲಯದ ಮುಖ್ಯ ಸಭಾಂಗಣಕ್ಕಾಗಿ ಒಂದು ಹಡಗನ್ನು ನಿರ್ಮಿಸಿದರು. ಅದರ ಉದ್ದ 26.3 ಮೀಟರು. ಅದು ಎಂದೂ ನೀರಿಗಿಳಿಯಬೇಕಾದುದಲ್ಲ. ಎರಡನೆಯ ಮಹಾಯುದ್ಧದಲ್ಲಿ ಮುಳುಗಿದ 'ಯಮಾತೊ' ಎಂಬ ಯುದ್ಧನೌಕೆಯ ಹತ್ತನೆಯ ಒಂದು ಪ್ರಮಾಣದ ಪ್ರತಿಕೃತಿ ಅದು. ಉಳಿದುಕೊಂಡಿದ್ದ ನಕ್ಷೆಗಳು, ಛಾಯಾಚಿತ್ರಗಳು, ಸಮುದ್ರತಳದಲ್ಲಿ ತೆಗೆದ ಚಿತ್ರಗಳು, ಇವನ್ನೆಲ್ಲ ಕೂಡಿಸಿ ಶಿಲ್ಪಿಗಳು ಅದನ್ನು ರೂಪಿಸಿದರು. ಕಲಾಕೃತಿಯೆಂದು ನೋಡಿದರೆ ಅದರ ಶ್ರದ್ಧೆಗೆ ತಲೆಬಾಗಲೇಬೇಕು. ಆದರೆ ಶ್ರದ್ಧೆ ಯಾವುದರ ಮೇಲೆ ನೆಟ್ಟಿದೆ, ಯಾವುದನ್ನು ಬಿಟ್ಟಿದೆ ಎಂದು ಕೇಳುವುದು ವಿಮರ್ಶಕನ ಕರ್ತವ್ಯ.

ಮೊದಲು ಮೂಲ ನೌಕೆಯ ಸಂಗತಿ. 1937ರ ನವೆಂಬರದಲ್ಲಿ ಇದೇ ಕುರೆಯ ನೌಕಾ ಕಾರ್ಖಾನೆಯಲ್ಲಿ ಅದರ ನಿರ್ಮಾಣ ಆರಂಭವಾಯಿತು. 1941ರ ಡಿಸೆಂಬರ 16ರಂದು ಸೇವೆಗೆ ಸೇರಿತು. ಉದ್ದ 263 ಮೀಟರು, ಪೂರ್ಣ ಭಾರ ಸುಮಾರು 72,000 ಟನ್ನು. ಅದರ ಒಂಬತ್ತು ಮುಖ್ಯ ಫಿರಂಗಿಗಳ ಬಾಯಿಯ ಅಗಲ 46 ಸೆಂಟಿಮೀಟರು. ಸುಮಾರು ಒಂದೂವರೆ ಟನ್ನು ತೂಕದ ಗುಂಡನ್ನು ಅವು 42 ಕಿಲೋಮೀಟರು ದೂರಕ್ಕೆ ಎಸೆಯಬಲ್ಲವಾಗಿದ್ದವು. ಈ ಅಳತೆ ಪರರಿಗೆ ತಿಳಿಯಬಾರದೆಂದು ಸರ್ಕಾರಿ ದಾಖಲೆಗಳಲ್ಲಿ ಅವನ್ನು 40 ಸೆಂಟಿಮೀಟರಿನವೆಂದೇ ಬರೆದಿದ್ದರು. ಇಷ್ಟೆಲ್ಲ ಗುಟ್ಟು, ಇಷ್ಟೆಲ್ಲ ವ್ಯಯ. ಆ ಫಿರಂಗಿಗಳು ವೈರಿ ಹಡಗುಗಳ ಮೇಲೆ ಗುಂಡು ಹಾರಿಸಿದ್ದು 1944ರ ಅಕ್ಟೋಬರದಲ್ಲಿ, ಫಿಲಿಪ್ಪೀನ್ಸಿನ ಬಳಿ, ಒಂದೇ ಒಂದು ಕಾಳಗದಲ್ಲಿ. ಅಷ್ಟರಲ್ಲಾಗಲೇ ಸಮುದ್ರಯುದ್ಧವು ವಿಮಾನಗಳ ಕೈಗೆ ಹೋಗಿತ್ತು.

1945ರ ಏಪ್ರಿಲ 6ರಂದು ಅದು ಕೊನೆಯ ಬಾರಿ ಹೊರಟಿತು. ಒಕಿನಾವಾ ದ್ವೀಪದವರೆಗೆ ನುಗ್ಗಿ, ದಡಕ್ಕೆ ಏರಿ ನಿಂತು, ನಾಶವಾಗುವ ತನಕ ಹೋರಾಡಬೇಕೆಂಬುದು ಆಜ್ಞೆ. ಮೇಲೆ ರಕ್ಷಣೆಗೆ ವಿಮಾನಗಳಿರಲಿಲ್ಲ. ಮರುದಿನ ಮಧ್ಯಾಹ್ನ ಅಮೆರಿಕದ ನೂರಾರು ವಿಮಾನಗಳು ಎರಗಿದವು. ಸುಮಾರು ಎರಡು ಗಂಟೆಗಳ ಕಾಲ ಬಾಂಬು, ಟಾರ್ಪೆಡೊಗಳ ಏಟು ತಿಂದು 2 ಗಂಟೆ 23 ನಿಮಿಷಕ್ಕೆ ನೌಕೆ ಮಗುಚಿ, ಮದ್ದಿನ ಮನೆ ಸಿಡಿದು, ಮುಳುಗಿತು. ಅದರಲ್ಲಿದ್ದ 3,332 ಜನರಲ್ಲಿ ಬದುಕಿ ಉಳಿದವರು 276 ಮಂದಿ. ಆ ದಿನ ದಾಳಿ ಮಾಡಿದ ಅಮೆರಿಕದ ಪಡೆ ಕಳೆದುಕೊಂಡದ್ದು 10 ವಿಮಾನ, 12 ಜನ.

ಇನ್ನು ಪ್ರತಿಕೃತಿಗಳ ವಿಷಯ. ಯಮಾತೊವನ್ನು ಚಿಕ್ಕದಾಗಿ ಕಟ್ಟುವ ಹವ್ಯಾಸ ಜಪಾನಿನಲ್ಲಿ ಅರ್ಧ ಶತಮಾನಕ್ಕೂ ಹಳೆಯದು. ಷಿಜುವೊಕಾ ನಗರದ ತಯಾರಕರು 1971ರಿಂದ ಏಳು ನೂರರ ಒಂದು ಪ್ರಮಾಣದ ಪ್ಲಾಸ್ಟಿಕ್ ಹಡಗುಗಳನ್ನು ಹೊರತಂದರು. ಮೂರು ನೂರೈವತ್ತರ ಒಂದು ಪ್ರಮಾಣದ ದೊಡ್ಡ ಮಾದರಿಗಳೂ ಬಂದವು. ಬಿಡಿಭಾಗಗಳನ್ನು ಚಿಮಟದಲ್ಲಿ ಹಿಡಿದು, ಅಂಚನ್ನು ಉಜ್ಜಿ, ಅಂಟಿಸಿ, ಬಣ್ಣ ಕೊಡುವ ಈ ಕೆಲಸಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಬಣ್ಣದ ವಿಷಯದಲ್ಲಿ ಅವರ ನಿಷ್ಠೆ ಬೆರಗು ಹುಟ್ಟಿಸುತ್ತದೆ. ಕುರೆ, ಸಾಸೆಬೊ, ಯೊಕೊಸುಕಾ, ಮೈಜುರು ಈ ನಾಲ್ಕು ನೌಕಾ ಕಾರ್ಖಾನೆಗಳ ಬೂದು ಬಣ್ಣಗಳು ಒಂದೇ ಅಲ್ಲ. ಹವ್ಯಾಸಿಗಳು ಅವನ್ನು ಬೇರೆ ಬೇರೆಯಾಗಿ ಕೊಂಡು ಬಳಿಯುತ್ತಾರೆ. ಯುದ್ಧದ ಕೊನೆಗೆ ನೌಕಾಪಡೆಯವರು ದಾಖಲೆಗಳನ್ನು ಸುಟ್ಟುಹಾಕಿದ್ದರಿಂದ, ತೆಗೆದ ಛಾಯಾಚಿತ್ರಗಳೂ ವಿರಳವಾದ್ದರಿಂದ, ಒಂದೊಂದು ವಿವರಕ್ಕೂ ವಾದಗಳು ನಡೆದಿವೆ. 1985ರಲ್ಲಿ ಮುಳುಗಿದ ಹಡಗು ಪತ್ತೆಯಾದ ಮೇಲೆ ನಡೆದ ಶೋಧಗಳಿಂದ, ಮುಂಭಾಗದ ಸೇವಂತಿಗೆಯ ರಾಜಲಾಂಛನ ಹಿಂದೆ ಎಣಿಸಿದ್ದಕ್ಕಿಂತ ಚಿಕ್ಕದೆಂದು ತಿಳಿಯಿತು. ಮಾದರಿಗಳೂ ಅದಕ್ಕೆ ತಕ್ಕಂತೆ ತಿದ್ದಿಕೊಂಡವು. ಒಂದು ಲಾಂಛನದ ಅಗಲಕ್ಕೆ ಇಷ್ಟು ಪ್ರಾಮಾಣಿಕತೆ! ನಮ್ಮಲ್ಲಿ ಶಾಸನಗಳ ಪಾಠ ತಿದ್ದುವವರಿಗೂ ಇಷ್ಟು ತಾಳ್ಮೆ ಇದ್ದಿದ್ದರೆ ಎನ್ನಿಸುತ್ತದೆ.

ಹಾಗಾದರೆ ದೋಷವೆಲ್ಲಿ? ಜನ್ನನ ಯಶೋಧರ ಚರಿತೆಯನ್ನು ಮನೆಗಳಲ್ಲಿ ಓದಿ ಕೇಳಿದ ನಮಗೆ ಒಂದು ಉತ್ತರ ಕೂಡಲೇ ಹೊಳೆಯುತ್ತದೆ. ಅಲ್ಲಿ ಕೊಂದದ್ದು ಜೀವವಲ್ಲ, ಹಿಟ್ಟಿನ ಕೋಳಿ. ಆದರೂ ತಾಯಿಮಗನಿಗೆ ಜನ್ಮಾಂತರಗಳ ದುಃಖ ತಪ್ಪಲಿಲ್ಲ. ಪ್ರತಿಕೃತಿಯೆಂಬ ಕಾರಣಕ್ಕೆ ಹಿಂಸೆ ಹಿಂಸೆಯಲ್ಲದೆ ಹೋಗದು. ಇದೇ ನ್ಯಾಯವನ್ನು ಪ್ಲಾಸ್ಟಿಕ್ ಹಡಗಿಗೂ ಹಚ್ಚಿ ಈ ಹವ್ಯಾಸವನ್ನೇ ನಿಂದಿಸುವುದು ಸುಲಭ. ನಾನು ಹಾಗೆ ಮಾಡಲಾರೆ. ಆ ಕಥೆಯಲ್ಲಿ ದೋಷವಿದ್ದುದು ಹಿಟ್ಟಿನಲ್ಲಲ್ಲ, ಕೊಲ್ಲುತ್ತೇನೆಂಬ ಸಂಕಲ್ಪದಲ್ಲಿ. ಮೇಜಿನ ಮುಂದೆ ಕುಳಿತು ಕಂಬಿಕಟಕಟೆ ಅಂಟಿಸುವವನ ಮನಸ್ಸಿನಲ್ಲಿ ಬಹುಮಟ್ಟಿಗೆ ಇರುವುದು ಏಕಾಗ್ರತೆಯೇ ಹೊರತು ಕೊಲೆಯ ಭಾವವಲ್ಲ. ಅವನ ಕೃತಿಯನ್ನು ಅಳೆಯಲು ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಎಣಿಸಿದ 'ದುಃಶ್ರುತಿ' ಹೆಚ್ಚು ಸರಿಯಾದ ಅಳತೆಗೋಲು. ರಾಗದ್ವೇಷಗಳನ್ನು ಕೆರಳಿಸಿ ಚಿತ್ತವನ್ನು ಕಲಕುವ ಕಥೆಯನ್ನು ಕೇಳುವುದು, ಹೇಳುವುದು ದುಃಶ್ರುತಿ. ಮಾದರಿಯೂ ಒಂದು ಕಥೆಯನ್ನು ಹೇಳುತ್ತದೆ. ಯಾವ ಕಥೆ?

ಇಲ್ಲಿ ನನ್ನ ಆಕ್ಷೇಪಣೆ ಆರಂಭವಾಗುತ್ತದೆ. ಕುರೆಯ ಪ್ರತಿಕೃತಿಯೂ ಬಹುಪಾಲು ಹವ್ಯಾಸಿ ಮಾದರಿಗಳೂ ತೋರಿಸುವುದು ನೌಕೆಯ ಕೊನೆಯ ರೂಪವನ್ನು, 1945ರ ಏಪ್ರಿಲದ ರೂಪವನ್ನು. ಕಾರಣ ಸ್ಪಷ್ಟ. 1941ರಲ್ಲಿ ವಿಮಾನಗಳನ್ನು ಹೊಡೆಯುವ 25 ಮಿಲಿಮೀಟರಿನ ಸಣ್ಣ ಫಿರಂಗಿ ನಳಿಗೆಗಳು 24 ಇದ್ದವು. ಕೊನೆಗೆ ಅವು ನೂರೈವತ್ತರಷ್ಟಾದವು. ಅಟ್ಟದ ಮೇಲೆಲ್ಲ ಮುಳ್ಳಿನಂತೆ ಎದ್ದು ನಿಂತ ಆ ನಳಿಗೆಗಳಿಂದ ಮಾದರಿಗೆ ಒಂದು ರಮಣೀಯ ದಟ್ಟಣೆ ಬರುತ್ತದೆ. ಆದರೆ ಆ ಹೆಚ್ಚುವರಿ ಫಿರಂಗಿಗಳಲ್ಲಿ ಅನೇಕಕ್ಕೆ ಉಕ್ಕಿನ ಮರೆಯೇ ಇರಲಿಲ್ಲ. ಬರಿಯ ಆಕಾಶದ ಕೆಳಗೆ, ಬಾಂಬು ಬೀಳುವ ಜಾಗದಲ್ಲಿ, ಹುಡುಗರು ಅವುಗಳ ಬಳಿ ನಿಂತಿದ್ದರು. ಶಿಲ್ಪಿಯ ಕಣ್ಣಿಗೆ ಅಲಂಕಾರವಾದದ್ದು ನಿಜದಲ್ಲಿ ಸಾವಿನ ಕಟ್ಟೆ. ಕೊನೆಯ ದಿನವನ್ನೇ ಆಯ್ದುಕೊಂಡು ಆ ದಿನ ಏನು ನಡೆಯಿತೆಂಬುದನ್ನು ಮಾತ್ರ ಕೈಬಿಡುವುದು ಯಾವ ಬಗೆಯ ಪ್ರಾಮಾಣಿಕತೆ?

ಮಾದರಿಗೆ ಒಳಗು ಎಂಬುದಿಲ್ಲ. ಇದು ಇನ್ನೂ ಗಂಭೀರವಾದ ಕೊರತೆ. ಟಾರ್ಪೆಡೊಗಳು ಹೆಚ್ಚಾಗಿ ಎಡಬದಿಗೇ ತಗುಲಿದ್ದರಿಂದ ಹಡಗು ಎಡಕ್ಕೆ ವಾಲಿತು. ಅದನ್ನು ನೆಟ್ಟಗೆ ಮಾಡಲು ಬಲಬದಿಯ ಯಂತ್ರದ ಕೋಣೆಗಳಿಗೆ ಸಮುದ್ರದ ನೀರನ್ನು ಬಿಟ್ಟರು. ಅಲ್ಲಿ ಕೆಲಸದಲ್ಲಿದ್ದವರು ಇದ್ದಲ್ಲಿಯೇ ಮುಳುಗಿದರು. ಕೊಂದದ್ದು ವೈರಿಯಲ್ಲ, ಸ್ವಂತ ನೌಕೆಯ ಆಜ್ಞೆ. ಗೃಹಸ್ಥನು ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳಲು ಅನಿವಾರ್ಯವಾಗಿ ಮಾಡುವ ವಿರೋಧಿ ಹಿಂಸೆಗೆ ನಮ್ಮ ಶಾಸ್ತ್ರ ಒಂದು ಮಿತಿಯಲ್ಲಿ ಅವಕಾಶ ಕೊಟ್ಟಿದೆ. ಆದರೆ ಗೆಲ್ಲುವ ಆಸೆಯೇ ಇಲ್ಲದೆ ಮೂರು ಸಾವಿರ ಜನರನ್ನು ಸಾಯಲೆಂದೇ ಕಳುಹಿಸಿದ್ದಕ್ಕೆ ಯಾವ ಹೆಸರಿನಲ್ಲಿಯೂ ಎಡೆಯಿಲ್ಲ. ಈ ಪ್ರಶ್ನೆ ಹುಟ್ಟುವುದು ಆ ಕೋಣೆಗಳೊಳಗೆ. ಹೊರಮೈಯನ್ನು ಎಷ್ಟೇ ನುಣ್ಣಗೆ ಉಜ್ಜಿದರೂ ಅದು ಅಲ್ಲಿ ಕಾಣದು.

ವಸ್ತುಸಂಗ್ರಹಾಲಯದ ಪಕ್ಷವನ್ನೂ ಹೇಳಬೇಕು. ಹಡಗಿನೊಡನೆ ಸತ್ತವರ ಹೆಸರುಗಳನ್ನೂ ಅವರ ಪತ್ರಗಳನ್ನೂ ಅದು ಪ್ರದರ್ಶನದಲ್ಲಿ ಸೇರಿಸಿತು. ಮನುಷ್ಯನನ್ನೇ ಚಾಲಕನಾಗಿ ಕೂರಿಸುತ್ತಿದ್ದ 'ಕೈತೆನ್' ಎಂಬ ಟಾರ್ಪೆಡೊವನ್ನೂ ಮುಚ್ಚಿಡಲಿಲ್ಲ. ಆದರೆ ಅದರ ಮುಖ್ಯ ವಾದ ತಂತ್ರಜ್ಞಾನದ್ದು. ಯಮಾತೊವನ್ನು ಕಟ್ಟಿದ ಕೌಶಲವೇ ಮುಂದೆ ಶಾಂತಿಕಾಲದ ಜಪಾನನ್ನು ಕಟ್ಟಿತೆಂಬುದು ಅದರ ಸಾರ. ಈ ವಾದದಲ್ಲಿ ಸತ್ಯಾಂಶವಿದೆ. ಅದರ ದೂರಮಾಪಕಗಳನ್ನು ಮಾಡಿದ ಸಂಸ್ಥೆಯೇ ಯುದ್ಧದ ನಂತರ ನಿಕಾನ್ ಕ್ಯಾಮರಾಗಳನ್ನು ಮಾಡಿತು. ಕುರೆಯ ಹಡಗುಕಟ್ಟೆಯಿಂದ ದೈತ್ಯ ತೈಲನೌಕೆಗಳು ಇಳಿದವು. ಆದರೂ ಕೌಶಲ ಉಳಿಯಿತೆಂಬ ಮಾತು ಜನ ಉಳಿಯಲಿಲ್ಲವೆಂಬ ಮಾತಿಗೆ ಉತ್ತರವಾಗಲಾರದು. ಸಭಾಂಗಣದ ನಡುವೆ ಹಡಗನ್ನೂ ಬದಿಯಲ್ಲಿ ಪತ್ರಗಳನ್ನೂ ಇಟ್ಟಾಗ ನೋಡುಗನ ಕಣ್ಣು ಮೊದಲು ಯಾವುದರತ್ತ ಓಡುವುದೆಂದು ಹೇಳಬೇಕಾಗಿಲ್ಲ.

ಇದೇ ವಸ್ತುವನ್ನು ಬೇರೆ ರೀತಿಯಲ್ಲಿ ಕಂಡವನು ಯೊಷಿದಾ ಮಿತ್ಸುರು. ಕಾನೂನು ವಿದ್ಯಾರ್ಥಿಯಾಗಿದ್ದು ಯುದ್ಧಕ್ಕೆ ಸೇರಿ, ಕಿರಿಯ ಅಧಿಕಾರಿಯಾಗಿ ಆ ನೌಕೆಯಲ್ಲಿದ್ದು ಬದುಕಿ ಬಂದವನು. ಅದೇ ವರ್ಷ ತನ್ನ ಕಥನವನ್ನು ಬರೆದ; ವಿದೇಶೀ ಆಡಳಿತದ ನಿರ್ಬಂಧದಿಂದಾಗಿ ಅದು ಪೂರ್ಣವಾಗಿ ಪುಸ್ತಕರೂಪದಲ್ಲಿ ಬಂದದ್ದು 1952ರಲ್ಲಿ. ಅದರಲ್ಲಿ ಫಿರಂಗಿಯ ಅಳತೆಗಿಂತ ಮುಖ್ಯವಾದದ್ದು ಕೊನೆಯ ರಾತ್ರಿಗಳಲ್ಲಿ ತರುಣ ಅಧಿಕಾರಿಗಳು ತಾವೇಕೆ ಸಾಯಬೇಕೆಂದು ನಡೆಸಿದ ವಾಗ್ವಾದ. ಅದು ದುಃಶ್ರುತಿಯಲ್ಲ. ಓದಿದ ಮೇಲೆ ಆ ಹಡಗನ್ನು ಕೇವಲ ಹಡಗೆಂದು ನೋಡಲಾಗುವುದಿಲ್ಲ.

ಕುರೆಯ ಪ್ರಮಾಣದಲ್ಲಿ ಒಬ್ಬ ಮನುಷ್ಯನನ್ನು ಮಾಡಿದರೆ ಅವನ ಎತ್ತರ ಹದಿನೇಳು ಸೆಂಟಿಮೀಟರು, ಅಂಗೈಯ ಉದ್ದಕ್ಕೆ ಸಮೀಪ. ಮೂರು ನೂರೈವತ್ತರ ಪ್ರಮಾಣದಲ್ಲಿ ಐದು ಮಿಲಿಮೀಟರು, ಒಂದು ಅಕ್ಕಿಕಾಳಿನಷ್ಟು. 3,332 ಅಕ್ಕಿಕಾಳುಗಳೆಂದರೆ ಒಂದೆರಡು ಹಿಡಿಯಾದಾವು. ನಿಜವಾದ ನೌಕೆ ಇಂದು ಕ್ಯೂಷೂ ದ್ವೀಪದ ನೈಋತ್ಯಕ್ಕೆ ಸುಮಾರು 350 ಮೀಟರು ಆಳದಲ್ಲಿ ಎರಡಾಗಿ ಮುರಿದು ಬಿದ್ದಿದೆ. ಮುಂಭಾಗ ನೆಟ್ಟಗಿದೆ, ಹಿಂಭಾಗ ತಲೆಕೆಳಗಾಗಿದೆ. ಆ ಸ್ಥಿತಿಯನ್ನು ಮೇಜಿನ ಮೇಲೆ ಕಟ್ಟುವ ಹವ್ಯಾಸಿಗಳು ವಿರಳ.