ಮೋಟಾರಿನಲ್ಲಿ ಮೆಕ್ಸಿಕೊ

ಪ್ರವಾಸಗ್ರಂಥವನ್ನು ಓದುವಾಗ ಲೇಖಕನು ಎಲ್ಲಿಗೆ ಹೋದನೆಂಬುದರ ಜೊತೆಗೆ ಯಾವುದರಲ್ಲಿ ಹೋದನೆಂಬುದನ್ನೂ ವಿಚಾರಿಸಬೇಕು. ರೈಲಿನಲ್ಲಿ ಹೋಗುವವನಿಗೆ ಜನ ತಾವಾಗಿಯೇ ದೊರೆಯುತ್ತಾರೆ. ಎದುರು ಕುಳಿತವನು ಬುತ್ತಿ ಬಿಚ್ಚಿದನೆಂದರೆ ಒಂದು ಅಧ್ಯಾಯವೇ ಬಿಚ್ಚಿಕೊಂಡೀತು. ಮೋಟಾರಿನವನಿಗೆ ಆ ಭಾಗ್ಯವಿಲ್ಲ. ಗಾಜಿನ ಈಚೆ ಅವನೊಬ್ಬನೇ. ಜನರು ಬೇಕೆಂದರೆ ಅವನೇ ಇಳಿದು ಹುಡುಕಬೇಕು.

ಪಾಲ್ ಥೆರೂ ಅವರ ‘ಆನ್ ದಿ ಪ್ಲೇನ್ ಆಫ್ ಸ್ನೇಕ್ಸ್’ (2019) ಗ್ರಂಥದ ಗುಣದೋಷಗಳೆರಡಕ್ಕೂ ಇದೇ ಮೂಲ. 1975ರಲ್ಲಿ ‘ದಿ ಗ್ರೇಟ್ ರೈಲ್ವೆ ಬಜಾರ್’ ಬರೆದು, ನಮ್ಮ ದೇಶದ ರೈಲುಗಳನ್ನೂ ಅದರಲ್ಲಿ ಚಿತ್ರಿಸಿ ಖ್ಯಾತರಾದ ಈ ಅಮೆರಿಕನ್ ಲೇಖಕರು, ಎಪ್ಪತ್ತು ದಾಟಿದ ಮೇಲೆ ಸ್ವಂತ ಕಾರನ್ನು ತಾವೇ ನಡೆಸಿಕೊಂಡು ನೆರೆಯ ಮೆಕ್ಸಿಕೊಕ್ಕೆ ಹೊರಟರು. ಮೊದಲು ಸುಮಾರು 3,100 ಕಿಲೋಮೀಟರಿನ ಗಡಿಯ ಗುಂಟ ಸಾಗಿ, ಅಲ್ಲಲ್ಲಿ ಆಚೀಚೆ ದಾಟಿ, ಬಳಿಕ ದಕ್ಷಿಣಕ್ಕೆ ತಿರುಗಿ ಮೆಕ್ಸಿಕೊ ನಗರ, ವಹಾಕಾ, ಚಿಯಾಪಾಸ್ ಪ್ರಾಂತಗಳ ತನಕ ಹೋದರು. ವಹಾಕಾದ ಕೊಯಿಸ್ತ್ಲಾವಾಕ ಎಂಬ ಊರ ಹೆಸರಿನ ಅರ್ಥವೇ ‘ಹಾವುಗಳ ಬಯಲು’. ಗ್ರಂಥದ ಹೆಸರು ಬಂದದ್ದು ಅಲ್ಲಿಂದ.

ಗಡಿಯ ಅಧ್ಯಾಯಗಳೇ ಗ್ರಂಥದ ಜೀವಾಳ. ಅಮೆರಿಕದವನು ಕಾರಿನಲ್ಲಿ ಕುಳಿತು ಸಲೀಸಾಗಿ ದಕ್ಷಿಣಕ್ಕೆ ದಾಟುತ್ತಾನೆ. ಅದೇ ಬೇಲಿಯನ್ನು ಉತ್ತರಕ್ಕೆ ದಾಟಬಯಸುವವನು ಮರುಭೂಮಿಯಲ್ಲಿ ಪ್ರಾಣವನ್ನು ಪಣವಿಡಬೇಕು. ನೊಗಾಲೆಸ್ ಊರಿನ ಅನ್ನಛತ್ರವೊಂದರಲ್ಲಿ ಲೇಖಕರು ಒಬ್ಬ ಬಡ ಹೆಂಗಸನ್ನು ಕಾಣುತ್ತಾರೆ. ಮಕ್ಕಳನ್ನು ವಹಾಕಾದ ಹಳ್ಳಿಯಲ್ಲಿ ಬಿಟ್ಟು ಕೂಲಿಗಾಗಿ ಹೊರಟವಳು, ಸಿಕ್ಕಿಬಿದ್ದು ಹಿಂದಕ್ಕೆ ಅಟ್ಟಲ್ಪಟ್ಟವಳು. ಊಟಕ್ಕೆ ಮುನ್ನ ಅವಳು ಪ್ರಾರ್ಥಿಸುವ ಚಿತ್ರ ಓದುಗನ ಮನಸ್ಸಿನಿಂದ ಅಳಿಯುವಂಥದಲ್ಲ. ಇಲ್ಲಿ ಉಪದೇಶವಿಲ್ಲ, ನೋಟವಿದೆ, ಅಷ್ಟೇ ಸಾಕು.

ಕಾರು ನಿಂತಲ್ಲೆಲ್ಲ ಗ್ರಂಥ ಮುಂದೆ ನಡೆಯುತ್ತದೆ. ಮೆಕ್ಸಿಕೊ ನಗರದಲ್ಲಿ ಅವರು ಎಳೆಯ ಲೇಖಕರಿಗೆ ಪಾಠ ಹೇಳುತ್ತಾರೆ. ವಹಾಕಾದಲ್ಲಿ ತಾವೇ ವಿದ್ಯಾರ್ಥಿಯಾಗಿ ಸ್ಪ್ಯಾನಿಷ್ ಕಲಿಯುತ್ತಾರೆ. ಚಿತ್ರಕಾರ ಫ್ರಾನ್ಸಿಸ್ಕೊ ತೊಲೇದೊ ಅವರೊಡನೆ ಮಾತಿಗೆ ಕೂರುತ್ತಾರೆ. ಗ್ರಹಾಂ ಗ್ರೀನ್ 1938ರಲ್ಲಿ ಇದೇ ಚಿಯಾಪಾಸ್‌ಗೆ ಹೋಗಿ ಮರುವರ್ಷ ‘ದಿ ಲಾಲೆಸ್ ರೋಡ್ಸ್’ ಪ್ರಕಟಿಸಿದರು. ಅದರ ಗದ್ಯ ಹೆಚ್ಚು ಬಿಗಿಯಾದದ್ದು. ಆದರೆ ಅಲ್ಲಿ ದೇಶದ ಮೇಲಿನ ಅಸಹ್ಯವೇ ಕಣ್ಣಿಗೆ ಕಟ್ಟಿದ ಪೊರೆ. ಥೆರೂ ಅವರಲ್ಲಿ ಆ ಪೊರೆ ಇಲ್ಲ. ಉತ್ತರ ಅಮೆರಿಕದ ಮುಕ್ತ ವ್ಯಾಪಾರದ ಒಪ್ಪಂದ ಜಾರಿಗೆ ಬಂದ 1994ರ ಜನವರಿ 1ರಂದೇ ದಂಗೆಯೆದ್ದ ಜಪಾತಿಸ್ತರ ಮಾತನ್ನೂ ಅವರು ತಾಳ್ಮೆಯಿಂದ ಕೇಳಬಲ್ಲರು.

ದೋಷಗಳೂ ಇಲ್ಲದಿಲ್ಲ. ಗ್ರಂಥ ಅತಿ ದೀರ್ಘ. ಮುದುಕನೆಂದು ಲೋಕ ತಮ್ಮನ್ನು ಕಡೆಗಣಿಸಿತೆಂಬ ಕೊರಗನ್ನು ಮೆಕ್ಸಿಕೊದವರು ಉಣ್ಣುವ ತಿರಸ್ಕಾರದ ಪಕ್ಕದಲ್ಲಿಟ್ಟು ತೂಗುವುದು ಉಚಿತವೆನಿಸುವುದಿಲ್ಲ. ಹೆಸರಾಂತ ಲೇಖಕನ ಮುಪ್ಪಿಗೂ ಹಸಿದು ಗಡಿ ದಾಟುವವಳ ಸಂಕಟಕ್ಕೂ ಹೋಲಿಕೆ ಎಲ್ಲಿಯದು? ದಾರಿಯಲ್ಲಿ ಪೋಲೀಸರು ಬೆದರಿಸಿ ಹಣ ಸುಲಿದ ಪ್ರಸಂಗಗಳಲ್ಲಿಯೂ ದೇಶಕ್ಕಿಂತ ಲೇಖಕರ ಸಾಹಸವೇ ಮುಂದಾಗುತ್ತದೆ.

ಆದರೂ ಈ ಗ್ರಂಥ ಓದತಕ್ಕದ್ದು. ನೆರೆಯವನ ವಿಷಯವಾಗಿ ನಮಗಿರುವ ತಿಳಿವಳಿಕೆ ಬಹುಮಟ್ಟಿಗೆ ಭಯದ್ದು, ಇಲ್ಲವೆ ಗಾಳಿಮಾತಿನದು. ಇದು ಅಮೆರಿಕಕ್ಕೆ ಮಾತ್ರ ಸಲ್ಲುವ ಮಾತಲ್ಲ. ಹೋಗಬೇಡವೆಂದು ಹೇಳುವವರು ಎಲ್ಲ ದೇಶದಲ್ಲಿಯೂ ಇದ್ದಾರೆ. ಹೋಗಿ, ಇಳಿದು, ಆ ಭಾಷೆಯನ್ನು ಕಲಿತು ಕೇಳುವವರು ಕಡಮೆ.