ಗಾಜಿನ ಹಲಗೆಯ ಮೇಲೆ ವಸಂತ

ಸಾಧನ ಸುಲಭವಾದೊಡನೆ ಸಾಧನೆಯೂ ಸುಲಭವಾಗುವುದೆಂಬ ಭ್ರಮೆ ಎಲ್ಲ ಕಾಲಗಳಲ್ಲಿಯೂ ಇದ್ದದ್ದೇ. ಅದರ ಮಗ್ಗುಲಲ್ಲಿಯೇ ಮತ್ತೊಂದು ಭ್ರಮೆಯೂ ಬೆಳೆದಿದೆ. ಸುಲಭ ಸಾಧನದಿಂದ ಹುಟ್ಟಿದುದೆಲ್ಲವೂ ಹಗುರವಾದುದೆಂಬುದೇ ಅದು. ಬಣ್ಣವಿಲ್ಲದೆ, ಕುಂಚವಿಲ್ಲದೆ, ಗಾಜಿನ ಹಲಗೆಯ ಮೇಲೆ ಬೆರಳಾಡಿಸಿ ಬಿಡಿಸಿದ ಚಿತ್ರವನ್ನು ಕಲೆಯೆನ್ನಬಹುದೇ ಎಂದು ಕೇಳುವವರು ಅನೇಕರಿದ್ದಾರೆ. ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಗೆಹರಿಸುವುದಕ್ಕಿಂತ, ಪಳಗಿದ ಕಲಾವಿದರೊಬ್ಬರ ಕೃತಿಗಳನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಲೇಸು. ಇಂಗ್ಲೆಂಡಿನ ಡೇವಿಡ್ ಹಾಕ್ನಿಯವರ ಕೃತಿಗಳು ಅದಕ್ಕೆ ತಕ್ಕ ನಿದರ್ಶನವಾಗಿವೆ.

೧೯೩೭ರಲ್ಲಿ ಯಾರ್ಕ್‌ಶೈರಿನ ಬ್ರಾಡ್‌ಫರ್ಡ್ ನಗರದಲ್ಲಿ ಜನಿಸಿದ ಹಾಕ್ನಿಯವರು ಲಂಡನ್ನಿನಲ್ಲಿ ಕಲಾವ್ಯಾಸಂಗ ಮಾಡಿ, ೧೯೬೪ರಲ್ಲಿ ಕ್ಯಾಲಿಫೋರ್ನಿಯಕ್ಕೆ ತೆರಳಿ, ಅಲ್ಲಿಯ ಈಜುಕೊಳಗಳ ಚಿತ್ರಗಳಿಂದ ಪ್ರಖ್ಯಾತರಾದರು. ಯಂತ್ರಗಳ ಸಹವಾಸ ಅವರಿಗೆ ಮುಪ್ಪಿನಲ್ಲಿ ಬಂದ ಚಪಲವಲ್ಲ. ೧೯೮೨ರಲ್ಲಿ ಪೋಲರಾಯ್ಡ್ ಛಾಯಾಚಿತ್ರಗಳನ್ನು ಒಂದರ ಪಕ್ಕದಲ್ಲೊಂದು ಜೋಡಿಸಿ ಹೊಸ ಬಗೆಯ ಚಿತ್ರಗಳನ್ನು ರಚಿಸಿದರು. ೧೯೮೬ರಲ್ಲಿ ಕಚೇರಿಯ ಝೆರಾಕ್ಸ್ ಯಂತ್ರದಿಂದಲೇ ಮುದ್ರಿಕೆಗಳನ್ನು ಮಾಡಿದರು. ೧೯೮೯ರಲ್ಲಿ ಬ್ರೆಜಿಲಿನ ಸಾವೊ ಪಾವ್ಲೊ ಪ್ರದರ್ಶನಕ್ಕೆ ಫ್ಯಾಕ್ಸ್ ಮೂಲಕ ಚಿತ್ರಗಳನ್ನು ಕಳುಹಿಸಿದರು. ೨೦೦೯ರ ಸುಮಾರಿಗೆ ಐಫೋನನ್ನೂ ೨೦೧೦ರಲ್ಲಿ ಐಪ್ಯಾಡನ್ನೂ ಹಿಡಿದ ಕೈಯು ಅರ್ಧ ಶತಮಾನ ಕಾಲ ರೇಖೆಯನ್ನು ಅಭ್ಯಸಿಸಿದ ಕೈಯಾಗಿತ್ತೆಂಬುದನ್ನು ಮರೆಯಲಾಗದು.

ಹೊಸ ಸಾಧನದಲ್ಲಿ ಅವರು ಕಂಡುಕೊಂಡ ವಿಶೇಷವಾದರೂ ಏನು? ಯಾರ್ಕ್‌ಶೈರಿನ ಕಡಲತೀರದ ಬ್ರಿಡ್ಲಿಂಗ್ಟನ್ನಿನಲ್ಲಿ ಅವರು ಹಾಸಿಗೆಯಲ್ಲಿದ್ದುಕೊಂಡೇ ಕಿಟಕಿಯಾಚೆಯ ಅರುಣೋದಯವನ್ನು ಚಿತ್ರಿಸುತ್ತಿದ್ದರು. ಬಣ್ಣದ ಪೆಟ್ಟಿಗೆಯನ್ನು ನೋಡಲು ದೀಪ ಹಚ್ಚಿದರೆ ಹೊರಗಿನ ಮುಂಬೆಳಗು ಮಾಸಿಹೋಗುತ್ತದೆ. ಐಫೋನಿನ ಗಾಜಾದರೋ ತಾನೇ ಬೆಳಗುವ ವಸ್ತು. ಕತ್ತಲೆಯಲ್ಲಿಯೂ ಬಣ್ಣವನ್ನು ಆಯ್ದುಕೊಳ್ಳಬಹುದು, ಬಣ್ಣ ಒಣಗಲೆಂದು ಕಾಯಬೇಕಾಗಿಲ್ಲ. ಕ್ಷಣಕ್ಷಣಕ್ಕೂ ಬದಲಾಗುವ ಬೆಳಕನ್ನು ಹಿಡಿಯಲು ಬೆಳಕಿನದೇ ಹಲಗೆ ದೊರೆಯಿತು. ಹೀಗೆ ಬಿಡಿಸಿದ ಹೂಗಳನ್ನು ಅವರು ಬೆಳಗಾಗುತ್ತಲೇ ಮಿತ್ರರಿಗೆ ಕಳುಹಿಸುತ್ತಿದ್ದರು. ಅವರ ಈಜುಕೊಳದ ಚಿತ್ರವೊಂದು ೨೦೧೮ರ ಹರಾಜಿನಲ್ಲಿ ೯ ಕೋಟಿ ಡಾಲರಿಗೂ ಮಿಗಿಲಾದ ಬೆಲೆಗೆ ಮಾರಾಟವಾಯಿತು. ಮಿತ್ರರ ಕೈ ಸೇರಿದ ಈ ಹೂಗಳಿಗೆ ಬೆಲೆಯೇ ಇರಲಿಲ್ಲ. ಕಲಾಪೇಟೆಯ ಅಬ್ಬರದ ನಡುವೆ ಇದು ಸಣ್ಣ ಸಂಗತಿಯೇನಲ್ಲ.

ಆದರೆ ವೇಗವೊಂದೇ ಕೃತಿಯಾಗದು. ೨೦೧೧ರಲ್ಲಿ ವೋಲ್ಡ್‌ಗೇಟ್ ಎಂಬ ಹಳೆಯ ರಸ್ತೆಗೆ ಮತ್ತೆ ಮತ್ತೆ ಹೋಗಿ, ಚಳಿಗಾಲದ ಬೋಳು ಮರಗಳಿಂದ ತೊಡಗಿ ಬೇಸಿಗೆಯ ಮೊದಲ ದಿನಗಳವರೆಗೆ ಅವರು ವಸಂತದ ಆಗಮನವನ್ನು ದಿನಚರಿಯಂತೆ ದಾಖಲಿಸಿದರು. ಆ ಮಾಲೆಯ ೫೧ ಐಪ್ಯಾಡ್ ಚಿತ್ರಗಳೂ, ೩೨ ಕ್ಯಾನ್ವಾಸುಗಳನ್ನು ಕೂಡಿಸಿ ರಚಿಸಿದ ಒಂದು ಬೃಹತ್ ತೈಲವರ್ಣ ಚಿತ್ರವೂ ೨೦೧೨ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿತವಾದವು. ಒಂದೊಂದು ಐಪ್ಯಾಡ್ ಚಿತ್ರಕ್ಕೂ ಆಯಾ ದಿನಾಂಕವೇ ಹೆಸರು. ಅದೇ ರಸ್ತೆ, ಅವೇ ಮರಗಳು. ನೋಟ ಮಾತ್ರ ನಿತ್ಯನೂತನ. ಇಲ್ಲಿ ಗೆದ್ದುದು ಯಂತ್ರವಲ್ಲ. ನಿಯಮ ತಪ್ಪದ ನೋಡುವಿಕೆ.

ಹಾಗೆಂದು ಈ ಚಿತ್ರಗಳಲ್ಲಿ ಕೊರತೆಯಿಲ್ಲವೆಂದು ಹೇಳಲಾಗದು. ೨೦೨೦ರಲ್ಲಿ, ಜಗತ್ತೆಲ್ಲ ಮಹಾಮಾರಿಯಿಂದ ಬಾಗಿಲು ಮುಚ್ಚಿದ್ದಾಗ, ಫ್ರಾನ್ಸಿನ ನಾರ್ಮಂಡಿಯಲ್ಲಿ ಅವರು ಮತ್ತೆ ವಸಂತವನ್ನು ಚಿತ್ರಿಸಿದರು. ಅವುಗಳಲ್ಲಿ ೧೧೬ ಚಿತ್ರಗಳು ೨೦೨೧ರಲ್ಲಿ ಅದೇ ಅಕಾಡೆಮಿಯ ಗೋಡೆಗಳನ್ನು ಸೇರಿದವು. ದುಃಖದ ದಿನಗಳಲ್ಲಿ ಅವು ನೊಂದವರಿಗೆ ಸಾಂತ್ವನ ನೀಡಿರಬೇಕು. ಆದರೆ ಸಾಂತ್ವನದ ಗುಣವೇ ಬೇರೆ, ಚಿತ್ರದ ಗುಣವೇ ಬೇರೆ. ಕ್ಯಾನ್ವಾಸು ಕುಂಚವನ್ನು ತಡೆಯುತ್ತದೆ. ಆ ತಡೆಯೊಡನೆ ಸೆಣಸಿಯೇ ರೇಖೆ ಕಸುವು ಪಡೆಯುತ್ತದೆ. ನುಣುಪಾದ ಗಾಜಿಗೆ ಆ ಪ್ರತಿರೋಧವಿಲ್ಲ. ಎಲೆ, ಹೂ, ಮಳೆಹನಿಗಳು ಕೆಲವೆಡೆ ಅಚ್ಚೊತ್ತಿದಂತೆ ಪುನರಾವರ್ತನೆಗೊಳ್ಳುತ್ತವೆ. ಅಂಗೈಯಗಲದ ಹಲಗೆಯಲ್ಲಿ ಮಿನುಗಿದ ಹಸಿರು, ಕಾಗದದ ಮೇಲೆ ಹಿಗ್ಗಲಿಸಿ ಮುದ್ರಿಸಿದಾಗ ತನ್ನ ಒಳಬೆಳಕನ್ನು ಕಳೆದುಕೊಂಡು ಚಪ್ಪಟೆಯಾಗುತ್ತದೆ. ೨೦೧೦ರಲ್ಲಿ ಪ್ಯಾರಿಸ್ಸಿನಲ್ಲಿ ಇಂಥ ಚಿತ್ರಗಳನ್ನು ಆಯಾ ಸಾಧನಗಳಲ್ಲಿಯೇ ಬೆಳಗಿಸಿ ತೋರಿಸಿದ್ದುದು ಹೆಚ್ಚು ಉಚಿತವಾದ ಕ್ರಮವೆಂದು ನಮ್ಮ ಭಾವನೆ.

ಈ ಕೊರತೆಗೆ ಪರಿಹಾರವೂ ಅವರ ಕೃತಿಯೊಂದರಲ್ಲಿಯೇ ಇದೆ. ೨೦೧೮ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ರಾಣಿ ಎರಡನೆಯ ಎಲಿಜಬೆತ್‌ರ ದೀರ್ಘ ಆಳ್ವಿಕೆಯ ನೆನಪಿಗಾಗಿ, ಹಾಕ್ನಿಯವರ ಬಣ್ಣದ ಗಾಜಿನ ಕಿಟಕಿ ಅನಾವರಣಗೊಂಡಿತು. ಯಾರ್ಕ್‌ಶೈರಿನ ಬೇಲಿಗಳಲ್ಲಿ ಅರಳುವ ಹಾಥಾರ್ನ್ ಎಂಬ ಮುಳ್ಳುಗಿಡದ ಹೂವೇ ಅದರ ವಸ್ತು. ಐಪ್ಯಾಡಿನಲ್ಲಿ ರೂಪಿಸಿದ ಆ ವಿನ್ಯಾಸವನ್ನು ಯಾರ್ಕ್ ನಗರದ ಕುಶಲಕರ್ಮಿಗಳು ಗಾಜಿನಲ್ಲಿ ಸಾಕಾರಗೊಳಿಸಿದರು. ಬೆಳಗುವ ಗಾಜಿನಲ್ಲಿ ಹುಟ್ಟಿದ ಚಿತ್ರ ಸೂರ್ಯನೇ ಬೆಳಗಿಸುವ ಗಾಜನ್ನು ಸೇರಿತು. ಕಾಗದ ಕಸಿದುಕೊಂಡ ಬೆಳಕು ಅಲ್ಲಿ ಮರಳಿ ಬಂದಿತು. ಅದರೊಡನೆ, ನುಣುಪು ಹಲಗೆ ತಪ್ಪಿಸಿದ್ದ ಕೈದುಡಿಮೆಯೂ ಬಂದಿತು. ಅವರ ಈ ಬಗೆಯ ರಚನೆಗಳಲ್ಲಿ ಇದನ್ನೇ ಶ್ರೇಷ್ಠವೆಂದು ನಾವು ಎಣಿಸುತ್ತೇವೆ.

ನಮ್ಮ ಮಕ್ಕಳ ಕೈಗೂ ಇಂದು ಇಂಥ ಹಲಗೆಗಳು ಬಂದಿವೆ. ಪಾಟಿಯ ಮೇಲೆ ಬಳಪದಿಂದ ಬರೆದುದನ್ನು ಒರೆಸಿದರೆ ಅದು ಹೋಯಿತೆಂದೇ ಅರ್ಥ. ಹಾಕ್ನಿಯವರು ಬಳಸಿದ ಸಾಧನವಾದರೋ ಗೆರೆ ಗೆರೆಯನ್ನೂ ನೆನಪಿಟ್ಟು, ಚಿತ್ರ ಬೆಳೆದ ಬಗೆಯನ್ನು ಮೊದಲಿನಿಂದ ತೋರಿಸಬಲ್ಲುದು. ಕಲಿಯುವವನಿಗೆ ಇದೊಂದು ಒಳ್ಳೆಯ ಗುರು. ಆದರೆ ಎಲ್ಲಿ ಗೆರೆ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅದು ಹೇಳಿಕೊಡಲಾರದು. ಒಂದೇ ರಸ್ತೆಗೆ ನೂರು ಸಲ ಹೋಗಿ ನಿಂತು ನೋಡುವ ತಾಳ್ಮೆ ಅಂಗಡಿಯಲ್ಲಿ ದೊರೆಯುವಂಥದಲ್ಲ. ಆ ತಾಳ್ಮೆ ಉಳ್ಳವನಿಗೆ ಇದ್ದಲಿನ ಚೂರೂ ಸಾಕು, ಗಾಜಿನ ಹಲಗೆಯೂ ಆದೀತು. ಇಲ್ಲದವನಿಗೆ ಯಾವುದೂ ಒದಗದು.