ವೇಗಕ್ಕೆ ನಿಧಾನವೇ ಅಳತೆ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಡೆಯ ನೇಪಾಮ್ ಡೆತ್ ತಂಡದ ‘ಸ್ಕಮ್’ ಧ್ವನಿಮುದ್ರಿಕೆ ಬಂದದ್ದು 1987ರಲ್ಲಿ. ಸುಮಾರು 33 ನಿಮಿಷಗಳಲ್ಲಿ 28 ಹಾಡುಗಳು. ಅವುಗಳಲ್ಲಿ ‘ಯೂ ಸಫರ್’ 1.316 ಸೆಕೆಂಡಿನಲ್ಲಿ ಮುಗಿಯುತ್ತದೆ. ಗ್ರೈಂಡ್‌ಕೋರ್ ಎಂದು ಹೆಸರಾದ ಈ ಸಂಗೀತವನ್ನು ಬರಿಯ ಗದ್ದಲವೆಂದು ತಳ್ಳಿಬಿಡುವುದು ಸುಲಭ. ಆದರೆ ಬಹುರಾಷ್ಟ್ರೀಯ ಕಂಪೆನಿಗಳ ಮೇಲಿನ ಸಿಟ್ಟನ್ನು ಇಂಪಾಗಿ ಹಾಡಿದರೆ ಅದು ಸಿಟ್ಟಾಗಿ ಉಳಿದೀತೇ? ಡ್ರಮ್ಮಿನ ಎಡೆಬಿಡದ ಹೊಡೆತ, ಗಂಟಲು ಹರಿಯುವ ಕೂಗು ಆ ಸಿಟ್ಟಿಗೆ ತಕ್ಕ ರೂಪವೇ. ಇದರ ಸೆಳೆತ ಅಲ್ಲಿದೆ.

ಮಿತಿಯೂ ಅಲ್ಲೇ ಇದೆ. ತಾಯಂಬಕ ಕೇಳಿದವರು ಬಲ್ಲರು: ಪತಿಕಾಲದಲ್ಲಿ ನಿಧಾನವಾಗಿ ತೊಡಗಿದ ಚೆಂಡೆ ಇರಿಕಿಟಕ್ಕೆ ಏರಿದಾಗ ಮೈ ಜುಮ್ಮೆನ್ನುವುದು, ಹಿಂದಿನ ನಿಧಾನ ಕಿವಿಯಲ್ಲಿ ಉಳಿದಿರುವುದರಿಂದ. ‘ಸ್ಕಮ್’ನಲ್ಲೂ ಲಯ ತಗ್ಗಿದ ಕಡೆಗಳಲ್ಲೇ ಮುಂದಿನ ವೇಗ ಬಡಿದೆಬ್ಬಿಸುತ್ತದೆ. ಅಂಥ ಎಡೆಗಳು ಕಡಮೆಯಾದ ಎರಡನೆಯ ಬದಿಯಲ್ಲಿ ಒಂದು ಹಾಡು ಇನ್ನೊಂದರಲ್ಲಿ ಬೆರೆತುಹೋಗುತ್ತದೆ.

ಕೂಗಿನಲ್ಲಿ ಪದಗಳೂ ತಿಳಿಯವು. ದನಿ ಕೇಳಿಸಿಯೂ ಮಾತು ತಲುಪದ ಸಂಕಟ ಗಡಿನಾಡಿನ ನಮಗೆ ಹೊಸದಲ್ಲ. ಪ್ರತಿಭಟನೆ ಅರ್ಥವೂ ಆಗಬೇಕು. ಆ ಪುಟ್ಟ ‘ಯೂ ಸಫರ್’ ಮಾತ್ರ ಒಂದೇ ಪ್ರಶ್ನೆ ಎಸೆದು ಸುಮ್ಮನಾಗುತ್ತದೆ. ಅದರ ಬಲವಿರುವುದು ಅನಂತರದ ಮೌನದಲ್ಲಿ.